ಮೇಜಿನ ಮೇಲಿದ್ದ ಖಾಕಿ ಬಟ್ಟೆ

ನಮ್ಮ ಯಜಮಾನರಿಗೆ ಲಕ್ವ ಹೊಡೆದು ಮಾತು ನಿಂತ ಮೇಲೆ ನಮ್ಮ ಮನೆಗೆ ಒಂದು ಹಳೇ ಲ್ಯಾಪ್‌ಟಾಪು ಬಂತು. ಮಗಳು ಕಾಲೇಜಿಗೆ ಹೋಗುವಾಗ ಕೊಂಡದ್ದು. ಒಂದು ಮೂಲೆ ಒಡೆದಿತ್ತು, ಬ್ಯಾಟರಿ ನೆಪಕ್ಕೆ ಇತ್ತು, ವೈರು ಕಿತ್ತರೆ ಗಳಿಗೆಯೊಳಗೆ ಕಣ್ಣು ಮುಚ್ಚುತ್ತಿತ್ತು. ಮಂಡ್ಯದಲ್ಲಿ ಕೆಲಸದಲ್ಲಿರುವ ಅವಳು ಅದನ್ನು ನಮ್ಮೂರು ಕಿರುಗಾವಲಿಗೆ ತಂದು, ಹಿತ್ತಲ ಕಡೆಯ ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು, ಆನ್ ಮಾಡುವುದನ್ನು ನನಗೆ ಕಲಿಸಿ ಹೋದಳು. ಆ ಹಾಳು ಯಂತ್ರವನ್ನು ನಾನು ಬೈದಷ್ಟು ಯಾರನ್ನೂ ಬೈದಿಲ್ಲ. ಇವತ್ತು ಅದಕ್ಕೆ ಕೈ ಮುಗಿಯುತ್ತೇನೆ.

ಇವರು ಮದ್ದೂರು, ಮಳವಳ್ಳಿ ಕಡೆಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಬಾಯೇ ಬಂಡವಾಳ. ಬಸ್ಸಿನಲ್ಲಿ ಯಾರನ್ನೂ ಬಿಟ್ಟವರಲ್ಲ, ಮನೆಯಲ್ಲಿ ನನ್ನನ್ನಂತೂ ಬಿಟ್ಟವರೇ ಅಲ್ಲ. ಸಾರಿಗೆ ಉಪ್ಪು ಒಂದು ಕಲ್ಲು ಜಾಸ್ತಿಯಾದರೆ ನಮ್ಮ ತವರು ಮನೆಯ ಏಳು ತಲೆಮಾರು ಎದ್ದು ಬರಬೇಕು. ಅಂಥವರ ಬಾಯಲ್ಲಿ ಈಗ ಉಳಿದದ್ದು 'ಅದು' ಅನ್ನುವ ಒಂದೇ ಮಾತು. ನೀರಿಗೂ ಅದು, ಅನ್ನಕ್ಕೂ ಅದು, ನನ್ನನ್ನು ಕರೆಯುವುದಕ್ಕೂ ಅದು. ನನಗೆ ಅರ್ಥವಾಗದಿದ್ದರೆ ಕಣ್ಣಲ್ಲಿ ನೀರು ತುಂಬಿಕೊಂಡು ಗೋಡೆ ಕಡೆ ತಿರುಗಿಬಿಡುತ್ತಿದ್ದರು. ಆಗ ಮನೆಯಲ್ಲಿ ಕವಿಯುತ್ತಿದ್ದ ಆ ಮೌನ ಇದೆಯಲ್ಲ, ಶತ್ರುವಿಗೂ ಬೇಡಪ್ಪ.

ಮೈಸೂರಿನಿಂದ ಮಾತು ಕಲಿಸುವ ಮೇಡಂ ಒಬ್ಬರು ಲ್ಯಾಪ್‌ಟಾಪಿನಲ್ಲಿ ಬರುತ್ತಿದ್ದರು. ಚಿತ್ರ ಹಿಡಿದು, ತುಟಿ ತೋರಿಸಿ, ಒಂದೊಂದೇ ಪದ ಆಡಿಸುವರು. ನನ್ನ ಫೋನಿನ ಪುಟ್ಟ ಪರದೆಯಲ್ಲಿ ಅವರ ತುಟಿ ಇವರಿಗೆ ಕಾಣುತ್ತಿರಲಿಲ್ಲ, ಹಾಗಾಗಿ ಲ್ಯಾಪ್‌ಟಾಪೇ ಗತಿ. ಮೇಡಂ 'ಹಾಲು' ಅಂದರೆ ಇವರು ಕಷ್ಟಪಟ್ಟು 'ಆಲು' ಅನ್ನುವರು. ಆ ಹುಡುಗಿ ಪಾಪ, ಮತ್ತೆ ಮತ್ತೆ ತಿದ್ದುವಳು. ನನಗೆ ತಡೆಯಲಾಗಲಿಲ್ಲ.

"ಮೇಡಂ, ಅವ್ರು ಉಟ್ದಾಗಿಂದ್ಲೂ ಕುಡ್ದಿರೋದು ಆಲೇ. ಅಷ್ಟಕ್ಕೇ ಬುಟ್ಬುಡಿ."

ಮೇಡಂ ನಕ್ಕಿದ್ದರು. ಆದರೆ ಅವರ ಮುಂದೆ ಬರುತ್ತಿದ್ದ ಆ ನಾಲ್ಕಾರು ಬಿಡಿ ಪದಗಳು ಕ್ಲಾಸು ಮುಗಿದ ಮೇಲೆ ಎಲ್ಲಿ ಹೋಗುತ್ತಿದ್ದವೋ, ನನ್ನ ಪಾಲಿಗೆ ಮತ್ತೆ 'ಅದು' ಒಂದೇ. ಹಿಂದಿನ ಕ್ಲಾಸಿನಲ್ಲಿ ಮೇಡಂ ನನ್ನನ್ನು ಮಾತ್ರ ಕರೆದು, ಇನ್ನು ಎರಡು ಪದ ಜೋಡಿಸುವ ಹಂತ, ಇವರು ಬೇಸರಪಟ್ಟು ಕೈಬಿಟ್ಟರೆ ಕಷ್ಟ, ಒಂದು ಕ್ಲಾಸನ್ನೂ ತಪ್ಪಿಸಬೇಡಿ ಎಂದಿದ್ದರು. ಇವರಾಗಲೇ ಅರ್ಧ ಕೈಬಿಟ್ಟಿದ್ದರು. ಅದು ನನಗೊಬ್ಬಳಿಗೇ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ, ಒಂದು ಶುಕ್ರವಾರ ಬೆಳಗ್ಗೆ, ಲ್ಯಾಪ್‌ಟಾಪು ಚಾರ್ಜಾಗಲಿಲ್ಲ. ಮನೆ ಗುಡಿಸಿ ಒರೆಸಿ, ಬಟ್ಟೆ ಒಗೆದು ಹಾಕಿ ಬಂದು ವೈರು ಸಿಕ್ಕಿಸಿದರೆ ದೀಪವೇ ಇಲ್ಲ. ಕ್ಲಾಸು ಸಂಜೆ ನಾಲ್ಕಕ್ಕೆ. ಮಗಳಿಗೆ ಫೋನು ಮಾಡಿದೆ.

"ಅಮ್ಮ, ಗಾಬರಿ ಬೀಳ್ಬೇಡ. ಬೇರೆ ಪ್ಲಗ್ಗಿಗೆ ಹಾಕು."

ಹಾಕಿದೆ. ಆ ಪ್ಲಗ್ಗಿನಲ್ಲಿ ಮಿಕ್ಸಿ ತಿರುಗಿತು, ಇದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬ್ಯಾಟರಿ ಬಿಚ್ಚು ಅಂದಳು, ಬಿಚ್ಚಿದೆ. ಬಟನ್ನು ಒತ್ತಿ ಹಿಡಿದುಕೋ ಅಂದಳು, ಹಿಡಿದುಕೊಂಡೆ. ಪಿನ್ನು ಒರೆಸು ಅಂದಳು, ಸೀರೆ ಸೆರಗಿನಲ್ಲೇ ಒರೆಸಿದೆ. ಇಷ್ಟೂ ಹೊತ್ತು ಇವರು ಕುರ್ಚಿಯಲ್ಲಿ ಕೂತು ಎಡಗೈಯನ್ನು ಕಿಟಕಿ ಕಡೆ ಚಾಚಿ "ಅದು, ಅದು" ಅನ್ನುತ್ತಲೇ ಇದ್ದರು. ಬಚ್ಚಲಿಗೋ ಏನೋ ಎಂದು ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದರೆ, ನನ್ನ ಕೈ ಕೊಡವಿಕೊಂಡು ಬಟ್ಟೆ ತಂತಿಯ ಕಡೆ ನೋಡುತ್ತಾ ನಿಂತರು. ಬಿಸಿಲು ಚುರುಗುಟ್ಟುತ್ತಿತ್ತು. ನಾನು ಮತ್ತೆ ಒಳಕ್ಕೆ ತಂದು ಕೂರಿಸಿದೆ.

ಪಕ್ಕದ ಮನೆಯಾಕೆಗೆ ಇವರನ್ನು ನೋಡಿಕೊಳ್ಳಲು ಹೇಳಿ, ಲ್ಯಾಪ್‌ಟಾಪನ್ನೂ ಚಾರ್ಜರನ್ನೂ ಬ್ಯಾಗಿಗೆ ತುಂಬಿಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ಕಂಡಕ್ಟರ್ ಇವರ ಕೈಕೆಳಗೆ ಕೆಲಸ ಕಲಿತವನು. ನನಗೆ ಸೀಟು ಮಾಡಿಕೊಟ್ಟು ಕೇಳಿದ.

"ಅಣ್ಣ ಎಂಗವ್ರಕ್ಕಾ? ಮಾತಾಡ್ತಾವ್ರಾ?"

"ಆಡ್ತಾರೆ ಕಣಪ್ಪಾ, ಆಡ್ತಾರೆ."

"ಒಂದ್ಸಲ ಬಂದು ನಮ್ಮನ್ನ ಬೈದೋಗಕ್ಕೇಳಿ. ಬಸ್ಸೇ ಬಣಗುಟ್ತಾ ಅದೆ."

ನಾನು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡಿಕೊಂಡು ಕೂತೆ.

ಮಳವಳ್ಳಿಯಲ್ಲಿ ರಿಪೇರಿ ಅಂಗಡಿಯವನು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮದೇ ವೈರು ಸಿಕ್ಕಿಸಿ ಹಿಡಿದುಕೊಂಡ. ಪಕ್ಕನೆ ದೀಪ ಹತ್ತಿತು.

"ಚಾರ್ಜು ಚೆನ್ನಾಗೇ ಆಯ್ತಾ ಅದಲ್ಲಕ್ಕಾ!"

ರಾತ್ರಿಯೆಲ್ಲ ಜ್ವರದಲ್ಲಿ ನರಳಿದ ಮಗು ಡಾಕ್ಟರ ಮುಂದೆ ಕಿಲಕಿಲ ನಗುವುದಿಲ್ಲವೇ, ಹಾಗೆ. ನನಗೆ ನಾಚಿಕೆಯೂ ಆಯಿತು, ಹೊಟ್ಟೆಗೆ ಹಾಲು ಹೊಯ್ದಂತೆಯೂ ಆಯಿತು. ಅವನು ಕಾಸು ಮುಟ್ಟಲಿಲ್ಲ. ಓಡಿ ಬಂದು ಸಿಕ್ಕಿದ ಬಸ್ಸು ಹಿಡಿದು ಮನೆ ಸೇರುವಾಗ ಕ್ಲಾಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು.

ಮೇಜಿನ ಮೇಲಿಟ್ಟು ವೈರು ಸಿಕ್ಕಿಸಿದೆ. ದೀಪವಿಲ್ಲ.

ಆಗ ನಾನು ನಾನಾಗಿ ಉಳಿಯಲಿಲ್ಲ. "ನಿನ್ನ ಮನೆ ಕಾಯ್ವಾಗ!" ಎಂದು ಅದರ ತಲೆಯ ಮೇಲೆ ಒಂದು ಬಿಟ್ಟೆ. ಇವರು ಮತ್ತೆ ಕಿಟಕಿ ಕಡೆ ಕೈ ಮಾಡಿ "ಅದು! ಅದು!" ಎಂದು ಶುರುಮಾಡಿದರು.

"ನೀರಾ? ಕಾಪೀನಾ? ಪ್ಯಾನು ಆಕ್ಲಾ? ಏನ್ ಬೇಕು ಅಂತ ನಂಗೆಂಗೆ ಗೊತ್ತಾಗ್ಬೇಕು? ನಾನೇನ್ ದೇವ್ರಾ?"

ಹಾಗೆ ಅಂದುಬಿಟ್ಟೆ. ಕಾಯಿಲೆಯವರ ಮೇಲೆ ಅವತ್ತಿನವರೆಗೂ ದನಿ ಏರಿಸಿದವಳಲ್ಲ. ಇವರ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ತುಟಿ ಅದುರಿತು. ಎಡಗೈಯಲ್ಲಿ ಮೇಜಿಗೆ ಪಟ್ಟನೆ ಹೊಡೆದರು.

"ಆ ಬಟ್ಟೆ... ತಗಬಾರೇ... ಮೂದೇವಿ!"

ಇಬ್ಬರೂ ದಂಗಾದೆವು. ತಮ್ಮ ದನಿ ಕೇಳಿ ತಾವೇ ಬೆಚ್ಚಿದವರಂತೆ ಅವರು ನನ್ನನ್ನು ನೋಡಿದರು. ನಾನು ಹಿತ್ತಲಿಗೆ ಓಡಿದೆ. ಯಾವ ಬಟ್ಟೆ ಅಂತ ಆಗ ಹೊಳೆಯಿತು. ಬೆಳಗ್ಗೆ ಮೇಜು ಒರೆಸುವಾಗ ಲ್ಯಾಪ್‌ಟಾಪಿನ ಪಕ್ಕ ಸುರುಳಿ ಸುತ್ತಿದ್ದ ಒಂದು ಕೊಳೆ ಬಟ್ಟೆ ಸಿಕ್ಕಿತ್ತು. ಇವರ ಹಳೇ ಖಾಕಿ ಅಂಗಿಯ ಹರುಕು. ಜಿಡ್ಡು ಹಿಡಿದಿದೆ ಎಂದು ಸೋಪಿನ ನೀರಿಗೆ ಹಾಕಿ, ಒಗೆದು, ತಂತಿಯ ಮೇಲೆ ಹರವಿದ್ದೆ. ಈಗ ಬಿಸಿಲಿಗೆ ಒಣಗಿ ಗರಿಗರಿಯಾಗಿತ್ತು.

ಇವರು ಅದನ್ನು ಎಡಗೈಯಲ್ಲೇ ನಿಧಾನವಾಗಿ ಸುರುಳಿ ಸುತ್ತಿ, ವೈರು ಲ್ಯಾಪ್‌ಟಾಪಿನೊಳಗೆ ಹೋಗುವ ಕಡೆ ಅಡಿಗೆ ತೂರಿಸಿದರು. ವೈರು ಸ್ವಲ್ಪ ಮೇಲಕ್ಕೆದ್ದಿತು. ದೀಪ ಹತ್ತಿತು. ಒಳಗಿನ ಪಿನ್ನು ಸಡಿಲವಾಗಿತ್ತು, ಎತ್ತಿ ಹಿಡಿದರೆ ಮಾತ್ರ ಕರೆಂಟು ಹೋಗುತ್ತಿತ್ತು. ಅಂಗಡಿಯವನ ಕೈಯಲ್ಲಿ ಹತ್ತಿದ್ದೂ ಅದಕ್ಕೇ. ಇವರು ಅದನ್ನು ಎಂದೋ ಕಂಡುಕೊಂಡು, ನನಗೆ ಹೇಳಲಾಗದೆ, ಪ್ರತಿ ಕ್ಲಾಸಿಗೂ ಮುಂಚೆ ತಾವೇ ಸರಿಮಾಡಿ ಕೂರುತ್ತಿದ್ದರು. ಸುಮ್ಮನೆ ಕೂತು ವೈರು ಕೆದಕುತ್ತಾರೆ ಅಂದುಕೊಂಡಿದ್ದೆ ನಾನು. ಕೈಬಿಟ್ಟಿದ್ದಾರೆ ಅಂದುಕೊಂಡಿದ್ದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಅನ್ನುತ್ತಾರಲ್ಲ, ನಾನು ಮಳವಳ್ಳಿವರೆಗೂ ಅಲೆದು ಬಂದಿದ್ದೆ.

ಮೇಡಂ ಬಂದಾಗ ನಾನು ಮೂಗು ಒರೆಸಿಕೊಳ್ಳುತ್ತಿದ್ದೆ. ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಕೈಯಲ್ಲಿದ್ದ ಚಿತ್ರ ಕೆಳಗಿಟ್ಟು, "ನಾಲ್ಕು ಪದ! ನಾನು ಎರಡಕ್ಕೆ ಕಾಯ್ತಿದ್ದೆ ಅಮ್ಮ" ಎಂದರು. ಇವರು ನಾಚಿಕೊಂಡು ತಲೆ ತಗ್ಗಿಸಿದರು. ಎಷ್ಟು ಪುಸಲಾಯಿಸಿದರೂ ಮೇಡಂ ಮುಂದೆ ಆ ಮಾತು ಮತ್ತೆ ಆಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮಗಳ ಫೋನು ಬಂತು.

"ಚಾರ್ಜ್ ಆಯ್ತಾಮ್ಮ?"

"ಆಯ್ತು ಕಣೇ. ನಿಮ್ಮಪ್ಪ ನನ್ನ ಬೈದ್ರು."

ಅವಳು ಸಣ್ಣ ದನಿಯಲ್ಲಿ ಕೇಳಿದಳು.

"ಏನಂತ?"

ಹೇಳಿದೆ. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. "ಇನ್ನೊಂದ್ಸಲ ಹೇಳಮ್ಮ" ಎಂದಳು.

ನಾನು ಹೇಳಲಿಲ್ಲ. ಫೋನನ್ನು ಇವರ ಕಿವಿಗೆ ಹಿಡಿದೆ. ಇವರು ಕೆಮ್ಮಿದರು, ತಡವರಿಸಿದರು, ನನ್ನ ಮುಖ ನೋಡಿದರು. ನಾನು ಬಾಯಿ ಹಾಕಲಿಲ್ಲ, ಕಾದೆ.

"ಉಂಡ್ಯಾ... ಮಗ?" ಎಂದರು.