ಎರಡು ಹಲ್ಲಿನ ಟಗರು ಮತ್ತು ಒಬ್ಬ ಆಟಗಾರ

ಹಗರಿಬೊಮ್ಮನಹಳ್ಳಿಯ ಕಬಡ್ಡಿ ಸಮಿತಿಯವರು ನನ್ನನ್ನು ಸಭೆಗೆ ಕರೆದಾಗ, ವರದಿ ಮಾಡಲು ಕರೆದಿದ್ದಾರೆ ಎಂದೇ ತಿಳಿದಿದ್ದೆ. ಗೊಬ್ಬರದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಏಳು ಜನ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಪುಸ್ತಕ ತೆಗೆದು ದಿನಾಂಕ ಬರೆಯುವಷ್ಟರಲ್ಲಿ ಅಧ್ಯಕ್ಷರು, "ಪುಸ್ತಕ ಒಳಗಿಡ್ರಿ. ಇವತ್ತು ನೀವು ಬರಿಯಂಗಿಲ್ಲ, ಬಾಯಿಬಿಟ್ಟು ಹೇಳ್ಬೇಕು," ಎಂದರು.

ಕೇಳಿದ್ದು ಇಷ್ಟೇ. ಮುಂದಿನ ತಿಂಗಳ ಪಂದ್ಯಾವಳಿಯಲ್ಲಿ ಒಬ್ಬ ಹಳೆಯ ಆಟಗಾರನನ್ನು ಆಡಲು ಬಿಡಬೇಕೋ, ಬೇಡವೋ.

ಅವನು ಕೂಡ್ಲಿಗಿ ಕಡೆಯವನು. ವೃತ್ತಿಪರ ಲೀಗಿನಲ್ಲಿ ಮೂರು ಹಂಗಾಮು ಆಡಿದವನು. ದಾಳಿಗೆ ಬಂದವನ ಪಾದದ ಗಂಟಿಗೆ ಒಮ್ಮೆ ಕೈ ಹಾಕಿದನೆಂದರೆ ಬಿಡುತ್ತಿರಲಿಲ್ಲ. ಅವನ ಪಂದ್ಯವಿದ್ದ ದಿನ ಕೊಟ್ಟೂರಿನ ಚಹಾದಂಗಡಿಗಳಲ್ಲಿ ಟಿವಿಯನ್ನು ಬೀದಿಗೆ ತಿರುಗಿಸಿ ಇಡುತ್ತಿದ್ದರು. ಎರಡು ವರ್ಷದ ಹಿಂದೆ, ಟಗರಿನ ಕಾಳಗವೊಂದರಲ್ಲಿ ಸೋತ ತನ್ನದೇ ಟಗರನ್ನು ಅವನು ಕೋಲಿನಿಂದ ಹೊಡೆದು ಕೊಂದ. ಯಾರೋ ಮೊಬೈಲಿನಲ್ಲಿ ತೆಗೆದರು. ಕೇಸಾಯಿತು. ತಪ್ಪೊಪ್ಪಿಕೊಂಡ, ಶಿಕ್ಷೆ ಮುಗಿಸಿದ. ತಂಡ ಕೈಬಿಟ್ಟಿತು, ಬೇರೆ ಯಾರೂ ಕರೆಯಲಿಲ್ಲ. ಈಗ ಅವನಿಗೆ ಮೂವತ್ತು. ಕಬಡ್ಡಿಯಲ್ಲಿ ಅದು ಮೊಣಕಾಲು ಮಾತು ಕೇಳದೆ ಹೋಗುವ ವಯಸ್ಸು. ಈ ಸಲದ ಪಂದ್ಯಾವಳಿಗೆ ಹೊರಗಿನ ತಂಡವೊಂದರ ತರಬೇತುದಾರರು ಆಟಗಾರರನ್ನು ನೋಡಲು ಬರುವವರಿದ್ದರು. ಅವರ ಕಣ್ಣಿಗೆ ಬಿದ್ದರೆ ಅವನ ಆಟ ಉಳಿಯುತ್ತಿತ್ತು. ಇಲ್ಲದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನನ್ನನ್ಯಾಕ ಕೇಳ್ತೀರಿ? ನಾನು ಸಮಿತಿಯವನಲ್ಲ," ಎಂದೆ.

"ನೀವು ಬರ್ದ್ರಿ, ಅವ ಮನಿಗೆ ಹೋದ," ಎಂದರು ಒಬ್ಬರು. "ಬೆಂಕಿ ಹಚ್ಚಿದವರ ಆರಸ್ರಿ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆದರೆ ಒಂದು ಸಂಗತಿಯನ್ನು ಬಿಟ್ಟಿದ್ದೆ. ಅದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಯಾರೂ ಆಡಲಿಲ್ಲ.

ಟಗರಿನ ಕಾಳಗದಲ್ಲಿ ಜೋಡಿ ಕಟ್ಟುವುದು ಹಾಲುಹಲ್ಲು ಬಿದ್ದ ಮೇಲೆ ಮೂಡುವ ದೊಡ್ಡ ಹಲ್ಲಿನ ಲೆಕ್ಕದಲ್ಲಿ. ಎರಡು ಹಲ್ಲಿನದಕ್ಕೆ ಎರಡು ಹಲ್ಲಿನದು, ನಾಲ್ಕಕ್ಕೆ ನಾಲ್ಕು. ಹಲ್ಲು ಹೆಚ್ಚಿದಷ್ಟು ವಯಸ್ಸು, ತೂಕ, ಕೋಡಿನ ಬಲ. ಆ ದಿನ ಕಣದ ಪಕ್ಕದ ಗಣ್ಯರ ಸಾಲಿನಲ್ಲಿ ನನಗೂ ಒಂದು ಕುರ್ಚಿ ಇತ್ತು. ಹಲ್ಲು ನೋಡುವಾತ ಅವನ ಟಗರಿನ ತುಟಿ ಸರಿಸಿ, "ಎರಡ ಅದಾವು. ನಾಲ್ಕರದ್ದಕ್ಕ ಬರಂಗಿಲ್ಲ," ಎಂದ. ಜನ ಬಿಡಲಿಲ್ಲ. "ಸ್ಟಾರ್ ಟಗರಲೇ ಅದು, ಬಿಡು! ಮಾಲೀಕನ ಹಲ್ಲೂ ಎಣಿಸು ಬೇಕಾರ!" ಎಂದು ಕೂಗಿದರು. ಅವನು ನಗುತ್ತಾ ತನ್ನ ಬಾಯಿ ತೆರೆದು ತೋರಿಸಿದ. ನಾನೂ ನಕ್ಕೆ. ನಾಲ್ಕು ಹಲ್ಲಿನದರ ಎದುರೇ ಬಿಟ್ಟರು.

ಮೂರನೇ ಗುದ್ದಿಗೆ ಎರಡು ಹಲ್ಲಿನದು ಬೆನ್ನು ತೋರಿಸಿತು. ಅದು ಓಡಿದ್ದು ಅವನ ಕಡೆಗೇ. ಅವನ ತೊಡೆಗೆ ತಲೆ ಒತ್ತಿಕೊಂಡು ನಿಂತಿತು. ಜನ "ಬ್ಯಾ" ಎಂದು ಅಣಕಿಸಿದರು. ಅವನು ಅದನ್ನು ಕಣದ ಹೊರಗೆ ಎಳೆದುಕೊಂಡು ಹೋದ. ಮುಂದಿನದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದಾರೆ.

ಅವನು ಹೊಡೆದದ್ದನ್ನು ನಾನು ಬರೆದೆ. ಹಲ್ಲಿನ ಮಾತು ಬರೆಯಲಿಲ್ಲ. ಅದು ಸುದ್ದಿಗೆ ಸಂಬಂಧಿಸಿದ್ದಲ್ಲ ಎಂದು ಆಗ ಅನ್ನಿಸಿತ್ತು. ಪ್ರಾಣಿಗಳನ್ನು ಕಾದಾಡಿಸುವುದೂ ಅಪರಾಧವೇ. ಕಣ ಕಟ್ಟಿದವರ ಮೇಲೆ ಕೇಸಾಗಲಿಲ್ಲ ಎಂದೂ ಬರೆಯಲಿಲ್ಲ. ವರ್ಷಗಟ್ಟಲೆ ನಾನು ಟಗರಿನ ಕಾಳಗದ ಫಲಿತಾಂಶವನ್ನೂ ಕಬಡ್ಡಿಯ ಫಲಿತಾಂಶವನ್ನೂ ಒಂದೇ ಕಾಲಮ್ಮಿಗೆ ಕಳಿಸಿದವನು.

ಇದನ್ನು ಸಭೆಯಲ್ಲಿ ಹೇಳಿದೆ. ಒಬ್ಬರು, "ಹಂಗಾರ ಅವಂದೇನೂ ತಪ್ಪಿಲ್ಲ ಅಂತೀರೇನು?" ಎಂದರು. ಹಾಗಲ್ಲ ಎಂದೆ. "ಮತ್ತ ಹೆಂಗ?" ಎಂದರು.

ಕೊನೆಗೆ ದಾರಿ ತೋರಿಸಿದವರು ಸಮಿತಿಯಲ್ಲಿದ್ದ ನಿವೃತ್ತ ದೈಹಿಕ ಶಿಕ್ಷಕರು. ನಮ್ಮ ಕಡೆ ಯಾವ ಜಗಳವಾದರೂ ನೊಂದವರ ಮನೆಗೆ ಹೋಗಿ, ಕೂತು, ಅವರ ಬಾಯಿಂದ "ಹೋಗ್ಲಿ" ಅನ್ನಿಸಿಕೊಂಡು ಬರುವುದು ರೂಢಿ. ಅಷ್ಟಾದರೆ ಊರಿಗೆ ಸಮಾಧಾನ. "ಟಗರಿನ್ನ ಕೇಳಾಕ ಆಗಂಗಿಲ್ಲ," ಎಂದರು ಮೇಷ್ಟ್ರು. "ಮರಿ ಇದ್ದಾಗ ಅದನ್ನ ಸಾಕಿ ಕೊಟ್ಟಾಕಿ ಅದಾಳಲ್ಲ, ಆಕಿನ್ನ ಕೇಳೋಣು. ಆಕಿ ಹೋಗ್ಲಿ ಅಂದ್ರ ಆಡ್ಲಿ." ಉಳಿದ ಆರೂ ಜನರ ಮುಖದ ಮೇಲೆ ಬಿಡುಗಡೆ ಕಾಣಿಸಿತು. ನನಗೂ ಇದು ಸರಿಯೆಂದೇ ತೋರಿತು.

ಆ ಹೆಂಗಸು ಉಚ್ಚಂಗಿದುರ್ಗದ ಹತ್ತಿರ ಒಂದು ಹೊಲದಲ್ಲಿ ಸಿಕ್ಕಳು. ಬೆಳೆ ತೆಗೆದ ಹೊಲದಲ್ಲಿ ಗೊಬ್ಬರಕ್ಕೆಂದು ಹೊಲದವರು ಆಕೆಯ ಕುರಿಗಳನ್ನು ನಿಲ್ಲಿಸಿಕೊಂಡಿದ್ದರು. ಅರವತ್ತರ ಆಸುಪಾಸು. ಕುರಿಗಳಿಗೆ ಜಂತಿನ ಔಷಧಿ ಕುಡಿಸುತ್ತಿದ್ದಳು. ಮೇಷ್ಟ್ರು, ಅವನು, ನಾನು, ಮೂವರೂ ಬಿಸಿಲಲ್ಲಿ ನಿಂತೆವು. ಮೇಷ್ಟ್ರು ಬಂದ ಕಾರಣ ಹೇಳಿದರು. ಆಕೆ ಕೆಲಸ ನಿಲ್ಲಿಸಲಿಲ್ಲ.

"ನನ್ನ ಕೇಳಿ ಹೊಡದಾನೇನು, ಈಗ ನನ್ನ ಕೇಳಾಕ ಬಂದೀರಿ?"

"ಹಂಗಲ್ಲಬೇ, ನೀನು ಸಾಕಿದಾಕಿ..."

"ಸಾಕಿದ್ದು ಖರೇನ. ತಾಯಿ ಸತ್ತಿತ್ತು, ಆಡಿನ ಹಾಲು ಕುಡಿಸಿ ಉಳಿಸಿದ್ದೆ. ಆದ್ರ ನಾವು ಸಾಕೋದು ಮಾರಾಕರಿ. ಕಟುಕರೂ ಬಂದು ಒಯ್ತಾರ. ಅವರನ್ನ ಯಾರೂ ನನ್ನ ಮುಂದ ತಂದು ನಿಲ್ಲಿಸಿಲ್ಲ." ಆಮೇಲೆ ಅವನ ಕಡೆ ತಿರುಗಿ, "ಏನಪಾ, ಎಷ್ಟು ಹಲ್ಲಿತ್ತು ಅವತ್ತು?" ಎಂದಳು.

"ಎರಡು."

"ಎದ್ರಿಗಿನದಕ್ಕ?"

"ನಾಲ್ಕು."

"ಮತ್ತ ಓಡಿ ಬಂದಿದ್ದು ಶಾಣ್ಯಾ ಅಲ್ಲೇನು ಅದು? ನಿನಗಿಂತ ಶಾಣ್ಯಾ."

ಅವನು ತಲೆ ತಗ್ಗಿಸಿ, "ಹೂಂ ಯವ್ವಾ," ಎಂದ. ಅವನ ಬಾಯಿಂದ ಕ್ಷಮೆಯ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ನಾಚಿಕೆಯಿಂದ ಬರಲಿಲ್ಲವೋ, ಮನಸ್ಸಿನಲ್ಲೇ ಇರಲಿಲ್ಲವೋ ಹೇಳಲಾರೆ.

"ಸುಮ್ನ ನಿಂತು ಏನ್ ಮಾಡ್ತಿ? ಆ ಕುರಿ ಹಿಡಕೋ, ಔಷಧಿ ಹಾಕ್ತೀನಿ," ಎಂದಳು ಆಕೆ.

ಅವನು ಒಂದು ಕುರಿಯನ್ನು ಹಿಡಿದ. ಅದು ಕೊಸರಿಕೊಂಡಾಗ ಕೈ ಬಿಗಿಯಾಯಿತು. "ಮೆಲ್ಲಗ!" ಎಂದು ಆಕೆ ಗದರಿದಳು. ಅವನು ಬೆಚ್ಚಿ ಎಷ್ಟು ಸಡಿಲ ಬಿಟ್ಟನೆಂದರೆ ಕುರಿ ಅವನ ಕಾಲಡಿಯಿಂದಲೇ ನುಸುಳಿ ಮಂದೆಯೊಳಗೆ ಸೇರಿಕೊಂಡಿತು. ಟಿವಿಯಲ್ಲಿ ಯಾರನ್ನೂ ಬಿಡದವನು ಖಾಲಿ ಕೈಯಲ್ಲಿ ನಿಂತಿದ್ದ. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. "ಇವನ್ನ ಆಡ್ಸಾಕ ಬಂದೀರೇನು? ಒಂದು ಕುರಿ ಹಿಡಿಯಾಕ ಬರವಲ್ದು!"

ಮೇಷ್ಟ್ರು ಇನ್ನೆರಡು ಸಲ ಕೇಳಿದರು. ಆಕೆ ಹೋಗ್ಲಿ ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. ಅವನಿಗೆ ನೀರು ಕೊಟ್ಟಳು. ನಮಗೂ ಕೊಟ್ಟಳು.

ಮರುದಿನದ ಸಭೆಯಲ್ಲಿ ಅಧ್ಯಕ್ಷರು ನನ್ನನ್ನೇ ಸಾಕ್ಷಿ ಕೇಳಿದರು.

"ಹೋಗ್ಲಿ ಅಂದ್ಳೇನು?"

"ಇಲ್ಲ."

"ಬ್ಯಾಡ ಅಂದ್ಳೇನು?"

"ಇಲ್ಲ."

"ಬ್ಯಾಡ ಅಂದಿಲ್ಲಲ್ಲ! ಆತು, ಆಡ್ಲಿ."

ಕೈ ಎತ್ತಿದವರು ಐದು ಜನ. ನಾನು ಇದ್ದದ್ದನ್ನೇ ಹೇಳಿದ್ದೆ. ಅದರಿಂದ ಅವರು ಹಿಂಡಿದ ಅರ್ಥ ನನ್ನದಲ್ಲ ಎಂದು ಮನೆಗೆ ಬರುವ ದಾರಿಯಲ್ಲಿ ನನಗೆ ನಾನೇ ಹಲವು ಸಲ ಹೇಳಿಕೊಂಡೆ. ಆಕೆಯ ಮೌನ ಆಕೆಯದೇ ಆಗಿತ್ತು. ಅದನ್ನು ಟಗರಿನ ಪರವಾಗಿ ಕೊಟ್ಟ ಒಪ್ಪಿಗೆ ಎಂದು ಯಾರು ತೀರ್ಮಾನಿಸಬೇಕು? ಹಾಗಂತ ಶಿಕ್ಷೆ ಮುಗಿಸಿದ ಮನುಷ್ಯನನ್ನು ಇನ್ನೆಷ್ಟು ದಿನ ಹೊರಗೆ ನಿಲ್ಲಿಸಬೇಕು? ಹೊರಬಿದ್ದ ಆಟಗಾರರಲ್ಲಿ ಹೆಚ್ಚಿನವರು ಅಂಕಣಕ್ಕೆ ಮರಳುವುದೇ ಮೂವತ್ತರ ಒಳಗೆ. ಅವನ ಹತ್ತಿರ ಕಾಯಲು ವಯಸ್ಸಿರಲಿಲ್ಲ. ಆ ಟಗರಿಗಂತೂ ಯಾವ ಮರಳುವಿಕೆಯೂ ಇರಲಿಲ್ಲ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಯಾವುದೂ ಇನ್ನೊಂದನ್ನು ಸುಳ್ಳು ಮಾಡುತ್ತಿರಲಿಲ್ಲ.

ಪಂದ್ಯ ಮರುತಿಂಗಳ ಒಂದು ಭಾನುವಾರ ಬೆಳಿಗ್ಗೆ. ಅವನು ಅಂಕಣಕ್ಕಿಳಿದ ಕೂಡಲೇ ಒಂದು ಮೂಲೆಯಿಂದ "ಬ್ಯಾ... ಬ್ಯಾ" ಎಂದು ಶುರುವಾಯಿತು. "ಏ ಟಗರು! ಎಷ್ಟು ಹಲ್ಲಲೇ ನಿಂದು?" ಎಂದು ಒಬ್ಬ ಕೂಗಿದ. ಅಂದರೆ ಹಲ್ಲಿನ ಮಾತು ಊರಿಗೆ ಗೊತ್ತಾಗಿತ್ತು. ಹೆಂಗಸೊಬ್ಬರು, "ಸುಮ್ನಿರ್ರಲೇ, ಆಡ್ಲಿ ಪಾಪ," ಎಂದರು. ಪಕ್ಕದಾಕೆ, "ಯಾರು ಪಾಪ?" ಎಂದಳು.

ಮೊದಲರ್ಧದಲ್ಲಿ ಅವನಿಗೆ ಒಂದೂ ಹಿಡಿತ ಸಿಗಲಿಲ್ಲ. ಎರಡು ಸಲ ಪಾದ ಕೈಗೆ ಸಿಕ್ಕೂ ಜಾರಿತು. ಎರಡನೆಯ ಅರ್ಧದಲ್ಲಿ ಹಡಗಲಿಯ ತಂಡದ ದಾಳಿಗಾರ ಮೂಲೆಗೆ ಬಂದಾಗ ಅವನು ಬಿದ್ದ, ಪಾದದ ಗಂಟು ಹಿಡಿದ. ಉಳಿದವರು ಮೇಲೆ ಬಿದ್ದರು. ಸೀಟಿ ಊದಿದರು. ಎಲ್ಲರೂ ಎದ್ದ ಮೇಲೂ ಅವನ ಕೈ ಆ ಪಾದದ ಮೇಲೆ ಒಂದು ಕ್ಷಣ ಇತ್ತು. ದಾಳಿಗಾರ, "ಬಿಡಲೇ," ಎಂದ. ಅವನು ಬಿಟ್ಟ, ಕೈ ಕೊಟ್ಟು ಎಬ್ಬಿಸಿದ. ಆ ಕ್ಷಣ ನಿಜವಾಗಿ ಇತ್ತೋ, ನಾನು ಹುಡುಕುತ್ತಿದ್ದುದರಿಂದ ಕಂಡಿತೋ ಇವತ್ತಿಗೂ ಹೇಳಲಾರೆ. ಪಕ್ಕದಲ್ಲಿದ್ದ ಫೋಟೋಗ್ರಾಫರನ್ನು ಕೇಳಿದೆ. "ಎಲ್ಲರೂ ಹಂಗ ಹಿಡಿತಾರ್ರಿ," ಎಂದ.

ಅಲ್ಲಿಂದ ಮುಂದೆ ಅವನು ಮೂವರನ್ನು ಹಿಡಿದ. ಮೂಲೆಯ ಕೂಗು ನಿಂತಿತು. ಕೊನೆಗೆ ಅಲ್ಲಿಂದಲೇ ಚಪ್ಪಾಳೆ ಬಂತು. ತರಬೇತುದಾರರು ಬೇಲಿಯ ಹತ್ತಿರ ನನಗೆ ಹೇಳಿದ್ದು ಒಂದೇ ಮಾತು: "ಇಂಥ ಹಿಡಿತ ಕಲಿಸಿದರೆ ಬರಲ್ಲ." ಹದಿನೈದು ದಿನದ ಶಿಬಿರಕ್ಕೆ ಬುಧವಾರ ಬಾ ಎಂದು ಅವನಿಗೆ ತಿಳಿಸಿದರು. ಅದನ್ನು ಕೇಳಿ ನನಗೆ ಸಂತೋಷವಾಯಿತು. ಸಂತೋಷವಾಯಿತಲ್ಲ ಎಂದು ಹಿಂದೆಯೇ ಕಸಿವಿಸಿಯಾಯಿತು.

ಅವನು ಮೊಣಕಾಲಿನ ಪಟ್ಟಿ ಬಿಚ್ಚುತ್ತಾ ನನ್ನ ಹತ್ತಿರ ಬಂದ.

"ಸರ್, ಸಮಿತ್ಯಾಗ ನೀವಿದ್ದಿದ್ರ ಕೈ ಎತ್ತತಿದ್ರೇನು?"

"ನಾನು ಸಮಿತಿಯವನಲ್ಲಪ್ಪ."

"ಇದ್ದಿದ್ರ ಅಂತ ಕೇಳಿದೆ."

ಪಂದ್ಯದ ಅಂಕ ಬರೆದ ಪುಸ್ತಕ ನನ್ನ ಕೈಯಲ್ಲಿ ತೆರೆದೇ ಇತ್ತು. "ಗೊತ್ತಿಲ್ಲ," ಎಂದೆ. ಅವನ ಮುಖ ಸ್ವಲ್ಪ ಸೋತಂತೆ ಕಂಡಿತು. ನಾನು ಅವನಿಗೆ ಹೇಳಬಹುದಾಗಿದ್ದ ಅತ್ಯಂತ ನಿಜವಾದ ಮಾತು ಅದೇ ಆಗಿತ್ತು.

"ನನಗೂ ಗೊತ್ತಿಲ್ರಿ," ಎಂದ ಅವನು. "ಆದ್ರ ಬುಧವಾರ ಬಸ್ಸು ಹತ್ತಬೇಕು."

ಗೆಳೆಯನ ಬೈಕಿನ ಹಿಂದೆ ಕೂತು ಕೂಡ್ಲಿಗಿ ಕಡೆ ಹೋದ. ನಾನು ಅಂಕಗಳನ್ನು ಕಳಿಸಿದೆ. ಅವನ ಹೆಸರಿನ ಮುಂದೆ ಟಗರಿನ ಪ್ರಕರಣದ ಒಂದು ಸಾಲು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅದು ಹಾಗೆಯೇ ಅಚ್ಚಾಯಿತು.