ಶೀತಲ ಅವರಿಗೆ ಕನ್ನಡ ಸಿಗದ ವಾರ

ನನ್ನ ಗಂಡ ಶೀತಲ ಅವರಿಗೆ ಸಿಟ್ಟು ಎಂಬುದೇ ಇಲ್ಲ. ಅವರ ಪಾಲಿನದೂ ತ್ರಿಶಲಾಗೇ ಬಂದಿದೆ ಎಂದು ಶೇಡಬಾಳದ ಮಂದಿ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನಾನೇನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮನೆಯ ಮುಂಗೋಣೆಯೇ ನಮ್ಮ ಪ್ರಿಂಟಿಂಗ್ ಅಂಗಡಿ. ಮೊದಲು ಇವರು ಸೀಸದ ಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ ಹಾಕುತ್ತಾರೆ. ನಮ್ಮದು ಗಡಿ ಊರು. ಹುಡುಗ ಈ ಕಡೆಯವನಾದರೆ ಹುಡುಗಿ ಆ ಕಡೆಯವಳು. ಹಾಗಾಗಿ ಪತ್ರಿಕೆಯ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ ಇರಲೇಬೇಕು.

ಇವರದೂ ಹಾಗೆಯೇ. ಮರಾಠಿಯಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ. ಬಂದ ಗಿರಾಕಿಯ ನಾಲಿಗೆಗೆ ತೊಂದರೆ ಕೊಡಬಾರದಂತೆ. ಈ ಊರುಗಳಲ್ಲಿ ಬಹಳ ಮಂದಿ ಹೀಗೇ ಇದ್ದಾರೆ, ಆದರೆ ಇವರದು ಸ್ವಲ್ಪ ಅತಿ. ಮೀರಜದಿಂದ ಬರುವ ಬಳೆಗಾರ್ತಿಯ ಮುಂದೆ ಇವರು ನನಗೂ ಮರಾಠಿಯಲ್ಲೇ ಚಹಾ ತರಲು ಹೇಳುತ್ತಾರೆ!

ಈ ಸಲ ಲಗ್ನದ ದಿನಗಳಲ್ಲೇ ಕಂಪ್ಯೂಟರ್ ಕೆಟ್ಟಿತು. ರಿಪೇರಿಯವನು ಬಂದು, ಒಳಗಿದ್ದದ್ದನ್ನೆಲ್ಲ ಬಳಿದು ತೊಳೆದು, "ಎಲ್ಲಾ ಹೊಸಾದ ಮಾಡೇನ್ರಿ ಕಾಕಾ" ಎಂದು ಬೀಗಿಕೊಂಡು ಹೋದ. ಅದರೊಂದಿಗೆ ಕನ್ನಡ ಬರೆಯುವ ಸಾಫ್ಟ್‌ವೇರೂ ಹೋಯಿತು. ಇವರು ಗಾಬರಿಯಾಗಲಿಲ್ಲ. ಎಲ್ಲ ಭಾಷೆಗಳ ಸಾಫ್ಟ್‌ವೇರ್‌ಗಳನ್ನು ಕೂಡಿಟ್ಟ ಒಂದು ಜಾಲತಾಣವಿದೆ. ಇವರು ಎಷ್ಟೋ ವರ್ಷಗಳಿಂದ ಅಲ್ಲಿಂದಲೇ ಇಳಿಸಿಕೊಳ್ಳುತ್ತಿದ್ದರು. ಎಡಗಡೆ ಭಾಷೆಗಳ ಹೆಸರುಗಳು ಸಾಲಾಗಿ ಇರುತ್ತಿದ್ದವು. ಕನ್ನಡ ಎಂದು ಒತ್ತಿದರೆ ಕೆಲಸ ಮುಗಿಯಿತು.

ಆದರೆ ಆ ಪುಣ್ಯಾತ್ಮರು ಅದನ್ನು ಹೊಸದಾಗಿ ಕಟ್ಟಿದ್ದರು. ಹೆಸರುಗಳ ಸಾಲೇ ಇಲ್ಲ. ಅಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಹಲ್ಲು ಕಿರಿದುಕೊಂಡು ನಿಂತ ದೊಡ್ಡ ಚಿತ್ರ. ಏನು ಸುಡುಗಾಡು ಕಂಡು ನಗುತ್ತಿದ್ದರೋ! ಮೂಲೆಯಲ್ಲಿ ಮೂರು ಗೆರೆ. ಗೆರೆ ಒತ್ತಿದರೆ ಒಂದು ಪರದೆ ಇಳಿಯುತ್ತದೆ, ಪರದೆ ಒತ್ತಿದರೆ ಇನ್ನೊಂದು. ಅದರೊಳಗೆ ಮರಾಠಿ ಅಕ್ಷರ, ಮರಾಠಿ ಕೀಲಿಮಣೆ, ಮರಾಠಿ ನಿಘಂಟು. ಕನ್ನಡ ಬೇಕು ಎಂದು ಬರೆದು ಹುಡುಕಿದರೂ ಮತ್ತೆ ಮರಾಠಿಯನ್ನೇ ಮುಂದೆ ಚಾಚುತ್ತಿತ್ತು.

ಆಗ ಕೈಯಲ್ಲಿದ್ದದ್ದು ಐಗಳಿಯ ಮುರಗೆಪ್ಪನ ಕೆಲಸ. ದ್ರಾಕ್ಷಿ ತೋಟದವನು, ನಮ್ಮ ಹಳೆಯ ಗಿರಾಕಿ. ಅವನ ಮಗ ಸಿದ್ದಲಿಂಗನಿಗೆ ಗಡಿಯಾಚೆ ಜತ್ತದ ಕಡೆಯ ಹುಡುಗಿ ನಿಶ್ಚಯವಾಗಿದ್ದಳು. ಮೊದಲ ಪತ್ರಿಕೆ ಐತವಾರ ಮಂಗಸೂಳಿ ಮಲ್ಲಯ್ಯನ ಪಾದದ ಮೇಲೆ ಬೀಳಬೇಕು, ಆಮೇಲೆಯೇ ಬೀಗರು ಬಿಜ್ಜರಿಗೆ. ದೇವರಿಗೆ ಕೊಡದೆ ಒಬ್ಬರನ್ನೂ ಕರೆಯುವಂತಿಲ್ಲ. ಮರಾಠಿ ಮಗ್ಗುಲು ಸಿದ್ಧವಾಗಿತ್ತು. ಕನ್ನಡದ ಮಗ್ಗುಲು ಬೋಳು. ಫೋನಿನಲ್ಲಿ ಬರೆದು ಕಳಿಸಿ ನೋಡಿದರು, ಒತ್ತಕ್ಷರಗಳೆಲ್ಲ ಚೌಕ ಚೌಕ ಡಬ್ಬಿಗಳಾಗಿ ಕೂತವು.

ವಾರವಿಡೀ ಆ ಪರದೆಯ ಮುಂದೆ ಕೂತರು. ಊಟಕ್ಕೆ ಬಂದರೂ ರೊಟ್ಟಿ ಮುರಿದು ಹಾಗೇ ಇಟ್ಟು ಎದ್ದರು.

"ಕನ್ನಡಾ ತಗದ ಒಗದಾರೇನ್ರಿ?" ಎಂದು ಕೇಳಿದೆ.

"ಅಷ್ಟ ದೊಡ್ಡ ಮಂದಿ ಹೆಂಗ ತಗೀತಾರ? ಅಲ್ಲೇ ಇರತೈತಿ. ನನಗ ಕಾಣವಲ್ದು" ಎಂದರು.

ತಪ್ಪು ಆ ಕಟ್ಟಿದವರದು ಎಂದು ಈ ಮನುಷ್ಯನ ತಲೆಗೆ ಹೊಳೆಯಲೇ ಇಲ್ಲ. ಶುಕ್ರವಾರ ಮುರಗೆಪ್ಪನಿಗೆ ಫೋನ್ ಮಾಡಿ, "ಅಥಣಿಗೆ ಹೋಗಿ ಮಾಡಿಸ್ಕೊಳ್ಳಪಾ, ನನ್ನ ಕೈಲೆ ಇನ್ನ ನೀಗಂಗಿಲ್ಲ" ಎಂದುಬಿಟ್ಟರು. ಆಮೇಲೆ ನನ್ನ ಕಡೆ ನೋಡದೆ, "ಲಗ್ನದ ಹಂಗಾಮ ಮುಗೀಲಿ, ಅಂಗಡಿ ಮುಚ್ಚಿಬಿಡೂಣು. ನನ್ನ ತಲಿಗೆ ಇದೇನೂ ಹತ್ತವಲ್ದು" ಎಂದರು.

ಅಂಗಡಿ ಇಲ್ಲದ ಶೀತಲ ಅವರನ್ನು ನಾನು ನೋಡಿಲ್ಲ, ನೋಡುವುದೂ ಬೇಡ. ಹೆರಳು ಕಟ್ಟಿಕೊಂಡು ಅವರ ಬಾಜೂ ಸ್ಟೂಲು ಎಳೆದು ಕೂತೆ.

"ಏನ್ರೀ, ಮೊದಲನೇ ದಿನಾ ಇದನ್ನ ತಗದಾಗ ಏನ ಆತು? ಬುಡದಿಂದ ಹೇಳ್ರಿ."

"ಏನಿಲ್ಲ. ಒಂದ ಮಾತ ಕೇಳಿತು. ಹೇಳಿದೆ. ಒಳಗ ಬಿಟ್ಟತು."

"ಏನ ಕೇಳಿತು?"

"ನಮ್ಮ ನೆಟ್ ಮೀರಜದಿಂದ ಬರತೈತಲ್ಲ, ಅದಕ್ಕ ನೀವು ಮಹಾರಾಷ್ಟ್ರದವರೇನು, ಮರಾಠಿಯೊಳಗ ಮುಂದ ಹೋಗೂಣೇನು ಅಂತ ಕೇಳಿತು. ಮರಾಠಿಯೊಳಗ ಕೇಳಿತು."

"ನೀವೇನಂದ್ರಿ?"

"ಮರಾಠಿಯೊಳಗ ಕೇಳಿದ ಮ್ಯಾಲ ಏನ ಅನ್ನೂದು? ‘ಹೋ’ ಅಂತ ಒತ್ತಿದೆ."

ಹಣೆ ಹಣೆ ಬಡಿದುಕೊಂಡೆ. "ಅಲ್ರೀ, ಅದೇನ ಮೀರಜದಿಂದ ಬಂದ ಬೀಗರೇನ್ರಿ, ಹೌದಪ್ಪ ಹೌದು ಅನ್ನಾಕ? ನೀವ ಹೋ ಅಂದ್ರಿ, ಅದು ನಿಮ್ಮನ್ನ ಮಹಾರಾಷ್ಟ್ರಕ್ಕ ದತ್ತಕ ತಗೊಂಡತು!"

ನನ್ನ ಫೋನಿನಲ್ಲಿ ಅದೇ ಜಾಲತಾಣ ತೆರೆದೆ. ಹಲ್ಲು ಕಿರಿದ ಜೋಡಿ ಬಂತು, ಅದೇ ಪ್ರಶ್ನೆ ಬಂತು. ನಾನು ‘ನಾಹೀ’ ಒತ್ತಲು ಬೆರಳೆತ್ತಿದರೆ ಇವರು ನನ್ನ ಕೈ ಹಿಡಿದರು.

"ಅಷ್ಟ ಚಂದಂಗ ಕೇಳಾಕತ್ತೈತಿ. ಮಾರಿ ಮ್ಯಾಲ ನಾಹೀ ಅಂದ್ರ ಹೆಂಗ?"

"ಕೈ ಬಿಡ್ತೀರೋ ಇಲ್ಲೋ?"

ಬಿಟ್ಟರು. ಒತ್ತಿದೆ. ಹಾಗಾದರೆ ಯಾವ ಭಾಷೆ ಎಂದು ಕೇಳಿ ಎಲ್ಲ ಹೆಸರುಗಳನ್ನೂ ಮುಂದೆ ಸುರಿಯಿತು. ಕನ್ನಡ ಅಲ್ಲಿಯೇ ಇತ್ತು. ಇವರು ಅದನ್ನು ಇಳಿಸಿ, ವೈರ್ ಹಚ್ಚಿ ಕಂಪ್ಯೂಟರಿಗೆ ಹಾಕಿಕೊಂಡರು. ‘ಶ್ರೀ’ ಎಂದು ಹೊಡೆದರು. ಒತ್ತು, ದೀರ್ಘ ಎಲ್ಲ ಸರಿಯಾಗಿ ಬಂತು.

ಕುರ್ಚಿಗೆ ಒರಗಿ, ಬಹಳ ಹೊತ್ತು ಆ ಒಂದೇ ಅಕ್ಷರ ನೋಡಿದರು. "ಅಂದ್ರ ನನ್ನ ತಲಿ ಕೆಟ್ಟಿಲ್ಲ" ಎಂದರು.

"ಇಷ್ಟ ದಿನಾ ನನಗ ಯಾಕ ಬಿಡಿಸಿ ಹೇಳಲಿಲ್ಲ?"

"ನೀನೂ ‘ಮುದುಕ ಆದ್ರಿ’ ಅಂದಗಿಂದಿ ಅಂತ ಅಂಜಿಕಿ ಆಗಿತ್ತ."

ನನಗೆ ಅಳುವೇ ಬಂತು. ಅಳು ಬಂದರೆ ನನ್ನ ಬಾಯಿ ಇನ್ನೂ ಜೋರಾಗುತ್ತದೆ. "ಮುದುಕರ ಆಗೀರಿ, ಏನೀಗ? ನಾ ಏನ ಹದಿನಾರರ ಹುಡುಗಿ ಅದೀನೇನು? ಇಬ್ಬರೂ ಕೂಡೇ ಆಗೇವಿ!" ಎಂದು ಗದರಿದೆ. ಇವರು ನಕ್ಕರು. ಆ ವಾರದಲ್ಲಿ ಮೊದಲ ನಗು.

ಮುರಗೆಪ್ಪನಿಗೆ ಫೋನ್ ಮಾಡಲು ಇವರಿಗೆ ಸಂಕೋಚ. ಬೇಡವೆಂದ ಕೆಲಸವನ್ನು ಮತ್ತೆ ಹೇಗೆ ಕೇಳುವುದು? ನಾನೇ ಮಾಡಿದೆ. ಅವನಿಗೆ ಇವರು ಅಣ್ಣ, ನಾನು ಅತ್ತಿಗೆ.

"ಪತ್ರಿಕಿ ಅಥಣ್ಯಾಗ ಯಾರಿಗಿ ಕೊಟ್ಟಿಯೋ?"

"ಯಾರಿಗಿ ಕೊಡ್ಲಿ ವೈನಿ? ಎಲ್ಲೂ ಕೊಟ್ಟಿಲ್ಲ. ಅಣ್ಣಾ ಬ್ಯಾಸರಾಗಿ ಮಾತಾಡಾಕತ್ತಿದ್ದ, ಮನಸ ತಿಳಿ ಆಗಲಿ ಅಂತ ಸುಮ್ಮ ಕುಂತೀನಿ."

"ಐತವಾರ ತಪ್ಪಿದ್ರ?"

"ಮುಂದಿನ ಐತವಾರ. ಮಲ್ಲಯ್ಯ ಗುಡಿ ಬಿಟ್ಟ ಎಲ್ಲಿ ಹೊಕ್ಕಾನ? ನನ್ನ ಲಗ್ನದ ಪತ್ರಿಕಿನೂ ಅಣ್ಣಾನ ಮಾಡಿದ್ದಲ್ರಿ."

ಫೋನನ್ನು ಇವರ ಕಿವಿಗೆ ಹಿಡಿದೆ. ಅವನು ಅದನ್ನೇ ಮತ್ತೊಮ್ಮೆ ಹೇಳಿದನೆಂದು ಕಾಣುತ್ತದೆ. ಇವರು ಕೇಳಿಸಿಕೊಂಡರು, ಕನ್ನಡಕ ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಮುರಗೆಪ್ಪನನ್ನೇ ಗದರಿಸಿದರು.

"ಅಲ್ಲಲೇ ಮುರಗ್ಯಾ, ಎಲ್ಲಾರ ಹೆಸರೂ ಬರಸೀದಿ, ನಿಮ್ಮವ್ವ ಕೆಂಚವ್ವನ ಹೆಸರ ಎಲ್ಲೈತಿ? ಆಕಿ ಹೆಸರ ಇಲ್ದ ಪತ್ರಿಕಿ ನನ್ನ ಅಂಗಡಿಯಿಂದ ಹೊರಗ ಬೀಳಂಗಿಲ್ಲ. ನಾಳೆ ಮುಂಜಾನಿ ಬಾ."