ಮಿರ್ಚಿಯ ತೊಟ್ಟು ಯಾವ ಕಡೆ?

ಹೋಟೆಲಿನಲ್ಲಿ ನೀರಿನ ಲೋಟ ಮುಂದೆ ಬಂದ ಕೂಡಲೇ ಅದರೊಳಗೆ ಇಣುಕುವುದು ನನ್ನ ಚಾಳಿ. ಹೆಂಡತಿಗೆ ಇದರಿಂದ ಬಲು ಮುಜುಗರ. ‘ಬಾವ್ಯಾಗ ಕೊಡ ಬಿದ್ದೋರ ಹಂಗ ಬಗ್ಗಿ ನೋಡಬ್ಯಾಡ್ರಿ, ಮಂದಿ ನಗ್ತಾರ’ ಎಂದು ಮೇಜಿನ ಕೆಳಗೆ ಕಾಲು ತುಳಿಯುತ್ತಾಳೆ. ಕನ್ನಡಕವನ್ನು ಧೋತರದ ಚುಂಗಿನಿಂದ ಒರೆಸಿಕೊಳ್ಳುವ ಮನುಷ್ಯ ನಾನು. ಶುಚಿಯ ವಿಷಯದಲ್ಲಿ ಇನ್ನೊಬ್ಬರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೇನೂ ಇಲ್ಲ. ಆದರೂ ಲೋಟ ಕಂಡರೆ ಕತ್ತು ತಾನಾಗಿ ಬಾಗುತ್ತದೆ. ಈ ರೋಗ ಅಂಟಿದ್ದು ನನ್ನ ಸೋದರಮಾವ ಪಂಪಣ್ಣನಿಂದ.

ನಮ್ಮ ಬಳ್ಳಾರಿ ಸೀಮೆ ಇನ್ನೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲ. ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಮಾವನ ಮಂಡಕ್ಕಿ ಮಿರ್ಚಿ ಅಂಗಡಿ ಇತ್ತು. ರೈಲಿಳಿದು ಹಂಪಿಗೆ ಹೊರಟವರು, ಸಂಡೂರಿನ ಕೆಂಪು ಧೂಳನ್ನು ಮೈಮೇಲೆ ಹೊತ್ತು ಬಂದವರು, ಕಂಪ್ಲಿಯ ಅಕ್ಕಿ ವ್ಯಾಪಾರಿಗಳು ಎಲ್ಲರೂ ಅಲ್ಲಿ ಒಂದು ಗಳಿಗೆ ಕೂತು ಹೋಗುವವರೇ. ಒಳಗೆ ಬಾಣಲೆಯ ಮುಂದೆ ಅತ್ತೆ, ಗಲ್ಲಾದ ಮೇಲೆ ಮಾವ, ಬೆಂಚುಗಳ ನಡುವೆ ಓಡಾಡಿ ಕೊಡುವವನು ಕೊಟ್ರ. ಹೆಂಡತಿ ಮಕ್ಕಳಿದ್ದ ಆಸಾಮಿ, ಮಾತು ಕಡಿಮೆ. ನಾನು ಆಗ ಪಕ್ಕದ ಓಣಿಯ ಶಾಲೆಯಲ್ಲಿ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ಮೂಲೆಯ ಬೆಂಚು ನನ್ನ ಆಸ್ತಿ.

ಮಾವನ ಅಂಗಡಿಯ ಕಾನೂನು ಸರಕಾರದ ಕಾನೂನಿಗಿಂತ ಬಿಗಿ. ಗಿರಾಕಿ ಬಂದ ಮೇಲೆಯೇ ಒಗ್ಗರಣೆಗೆ ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡಬೇಕು. ಲೋಟವನ್ನು ಬುಡದಲ್ಲಿ ಹಿಡಿಯಬೇಕು, ಬೆರಳು ಒಳಗೆ ಇಳಿಯಕೂಡದು. ಎಲ್ಲಕ್ಕಿಂತ ದೊಡ್ಡ ಕಾನೂನು ಮಿರ್ಚಿಯದು. ಹಿಟ್ಟಿನಲ್ಲಿ ಅದ್ದಿ ಕರಿದರೂ ಮೆಣಸಿನಕಾಯಿಯ ತೊಟ್ಟು ಹೊರಗೆ ಉಳಿಯುತ್ತದಲ್ಲ, ಅದು ಗಿರಾಕಿಯ ಬಲಗೈ ಕಡೆ ಇರುವಂತೆ ತಟ್ಟೆ ಇಡಬೇಕು. ಕೂತವನು ಮಾತು ನಿಲ್ಲಿಸದೆ, ಕಣ್ಣು ಹಾಯಿಸದೆ ಕೈ ಚಾಚಿದರೆ ತೊಟ್ಟು ಸಿಗಬೇಕು. ಬಿಸಿ ಎಣ್ಣೆ ಬೆರಳಿಗೆ ತಾಗಬಾರದು. ತಟ್ಟೆ ಒಂಚೂರು ತಿರುಗಿದ್ದರೂ ಗಲ್ಲಾದಿಂದ ಕೂಗು ಬರುತ್ತಿತ್ತು: ‘ಕೊಟ್ರಾ, ತೊಟ್ಟು ಯಾವ ಕಡಿ ಐತಲೇ?’

ಹಂಪಿಯ ಕಾಲುವೆಯ ಪಕ್ಕದಲ್ಲಿ ಕಲ್ಲಿನಲ್ಲಿ ಕೊರೆದ ಊಟದ ತಟ್ಟೆಗಳಿವೆ. ಪಲ್ಯಕ್ಕೊಂದು ಗುಳಿ, ಸಾರಿಗೊಂದು ಗುಳಿ. ಒಮ್ಮೆ ನಾನು ಮಾವನಿಗೆ ಅವನ್ನು ತೋರಿಸಿ ವಿಜಯನಗರದ ವೈಭವದ ಮೇಲೆ ಪಾಠವನ್ನೇ ಶುರು ಮಾಡಿದ್ದೆ. ಮುತ್ತು ರತ್ನಗಳನ್ನು ಬೀದಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದರಂತೆ ಎಂದು ಕೈ ಬೀಸಿ ಹೇಳಿದೆ. ಮಾವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಗುಳಿಯ ಅಂಚಿನ ಮೇಲೆ ಬೆರಳಾಡಿಸುತ್ತಿದ್ದ. ‘ಅದೆಲ್ಲಾ ಇರ್ಲಿ ಅಳಿಯಾ, ಈ ಮೂಲ್ಯಾಗ ಕೂತ ಅನ್ನದ ಅಗಳನ್ನ ತಿಕ್ಕಿ ತೆಗೀತಿದ್ದೋನು ಯಾರು?’ ಎಂದ. ನಾನು ಓದಿದ ಚರಿತ್ರೆಯಲ್ಲಿ ತಟ್ಟೆ ತೊಳೆದವರ ಹೆಸರು ಬರುವುದಿಲ್ಲ. ಇಂಥ ಮನುಷ್ಯನ ಕೈಕೆಳಗೆ ಕೆಲಸ ಮಾಡುವುದು ಸುಲಭವಲ್ಲ ಎಂದು ಆಗಲೇ ನನಗೆ ಅನಿಸಿತ್ತು.

ಹಾಗೇ ಆಯಿತು. ಅಂಗಡಿಯ ಎದುರಿಗೇ ಒಂದು ಹೊಸ ಹೋಟೆಲು ಬಂತು. ಹಾಲುಗಲ್ಲಿನ ಮೇಜು, ಆಳೆತ್ತರದ ಕನ್ನಡಿ, ಗ್ರಾಮಫೋನು, ಬಡಿಸುವವರಿಗೆ ಹಿತ್ತಾಳೆ ಗುಂಡಿಯ ಬಿಳಿ ಕೋಟು. ಅದೇ ವಾರ ಬಳ್ಳಾರಿಯಿಂದ ಬಂದ ನಾಲ್ಕು ಜನ ದೊಡ್ಡವರ ಎದುರು ಮಾವ ತೊಟ್ಟಿನ ನೆಪದಲ್ಲಿ ಕೊಟ್ರನನ್ನು ಗದರಿಸಿಬಿಟ್ಟ. ಕೊಟ್ರ ಹೆಗಲ ಮೇಲಿನ ಅರಿವೆಯನ್ನು ಮಡಿಸಿ ಬೆಂಚಿನ ಮೇಲಿಟ್ಟು ಹೊರಟವನು, ಮರುದಿನ ಬೆಳಿಗ್ಗೆ ರಸ್ತೆಯ ಆಚೆ ಬಿಳಿ ಕೋಟಿನಲ್ಲಿ ಕಂಡ.

ಮಾವ ‘ಹೋಗ್ಲಿ ಬಿಡು’ ಅಂದ. ಅಂದನೇ ಹೊರತು ಬಿಡಲಾಗಲಿಲ್ಲ. ಕೊಟ್ರನ ಜಾಗಕ್ಕೆ ಕಂಪ್ಲಿಯಿಂದ ದೂರದ ನೆಂಟನೊಬ್ಬ ಬಂದ. ಒಳ್ಳೆಯವನೇ, ಆದರೆ ಬೆಂಚು ಒರೆಸಿದ ಅರಿವೆಯಲ್ಲೇ ಮುಖ ಒರೆಸಿಕೊಳ್ಳುತ್ತಿದ್ದ. ಸಲಿಗೆ ಬೆಳೆದ ಮೇಲೆ ಮುಖ ಒರೆಸಿದ್ದರಲ್ಲಿ ಲೋಟವನ್ನೂ ಒರೆಸಿದ. ಅತ್ತೆ ಅವನಿಗೆ ಹೊಟ್ಟೆ ತುಂಬ ಉಣ್ಣಿಸಿ, ಬುತ್ತಿ ಕಟ್ಟಿಕೊಟ್ಟು ಊರಿಗೆ ಕಳಿಸಿದಳು. ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ಹೀಗೇ ಆದರೆ ಶ್ರಾವಣದ ಹೊತ್ತಿಗೆ ಬಾಗಿಲು ಹಾಕಬೇಕಾದೀತು ಎಂದು ಅತ್ತೆ ನನ್ನೊಬ್ಬನಿಗೇ ಹೇಳಿದಳು.

ಕೊನೆಗೆ ಮಾವನೇ ತಟ್ಟೆ ಹಿಡಿದ. ಜಟಕಾ ಹೊಡೆಯುವ ಹುಸೇನಸಾಬ ನಮ್ಮ ಹಳೆಯ ಗಿರಾಕಿ. ಎಳವೆಯಲ್ಲಿ ಬಲಗೈ ಮುರಿದು ಸೊಟ್ಟಗಾಗಿ ಎಡಗೈಯಲ್ಲೇ ತಿನ್ನುತ್ತಿದ್ದವನು. ಮಾವ ಕಾನೂನಿನ ಪ್ರಕಾರ ತೊಟ್ಟು ಬಲಕ್ಕೆ ಬರುವಂತೆ ತಟ್ಟೆ ಇಟ್ಟ. ಹುಸೇನಸಾಬ ತಟ್ಟೆಯನ್ನು ಮೆಲ್ಲಗೆ ತಿರುಗಿಸಿಕೊಂಡ. ಮಾವ ನಿಂತಲ್ಲೇ ನಿಂತ. ಆಮೇಲೆ ನನ್ನ ಬೆಂಚಿಗೆ ಬಂದು ಕೂತು, ‘ಇಷ್ಟು ವರ್ಷ ಅವಗ ಕೊಟ್ರ ಎಡಕ್ಕ ಇಡ್ತಿದ್ದ ಅಂತ ಕಾಣ್ತತಿ. ನಾನು ಹೇಳಿದ್ದಿಲ್ಲ’ ಎಂದ. ಹುಸೇನಸಾಬನ ಎಡಗೈಯ ಕಡೆ ನೋಡುತ್ತ, ‘ನಾನು ನೋಡಿದ್ದೂ ಇಲ್ಲ’ ಎಂದ. ಮಾವನ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

‘ಕರ್ಕೊಂಡು ಬರ್ಲೇನು ಮಾವಾ?’ ಅಂದೆ. ‘ಬ್ಯಾಡ. ಅವಂಗ ಅಲ್ಲಿ ಊಟ ಸರಿ ಆಗ್ತತೇನು, ಅಷ್ಟ ಕೇಳ್ಕೊಂಡು ಬಾ’ ಎಂದ.

ಈ ನೆವದಲ್ಲಿ ನಾನೂ ಹಾಲುಗಲ್ಲಿನ ಮೇಜನ್ನು ಕಂಡೆ. ಕನ್ನಡಿಯಲ್ಲಿ ನನ್ನ ಬೋಳುತಲೆ ನನ್ನನ್ನೇ ನೋಡುತ್ತಿದ್ದುದರಿಂದ ರುಚಿಯ ಕಡೆ ಗಮನ ಹರಿಯಲಿಲ್ಲ. ಮಿರ್ಚಿ ಬಂತು, ತೊಟ್ಟೇ ಇಲ್ಲ. ತೊಟ್ಟು ಇದ್ದರೆ ನೋಟ ಕೆಡುತ್ತದೆಂದು ಮಾಲೀಕರು ಮೊದಲೇ ಕತ್ತರಿಸಲು ಹೇಳಿದ್ದರಂತೆ. ಸುತ್ತಲೂ ಮರ್ಯಾದಸ್ಥರೆಲ್ಲ ಮಿರ್ಚಿಯನ್ನು ಎತ್ತುವುದು, ಬಿಡುವುದು, ಬೆರಳನ್ನು ಊದಿಕೊಳ್ಳುವುದು ಮಾಡುತ್ತಿದ್ದರು. ಮಾಲೀಕರು ಕಣ್ಣು ಮುಚ್ಚಿ ಗ್ರಾಮಫೋನಿಗೆ ತಲೆದೂಗುತ್ತಿದ್ದರು.

ಕೊಟ್ರ ಬಂದು ನಿಂತ. ಊಟದ ವಿಷಯ ಕೇಳಿದೆ. ‘ಊಟ ಮಸ್ತ್ ಐತ್ರಿ ಮಾಸ್ತರ. ಯಾರೂ ಏನೂ ಅನ್ನಂಗಿಲ್ಲ. ಭಾಳ ಆರಾಮ’ ಎಂದ. ಮುಖದಲ್ಲಿ ಆರಾಮ ಕಾಣಲಿಲ್ಲ. ಬಗ್ಗಿ, ಗುಟ್ಟು ಹೇಳುವವನ ಹಾಗೆ, ‘ನಿನ್ನಿ ಬೇಕಂತಲೇ ಲೋಟದಾಗ ಕೈಬಟ್ಟು ಅದ್ದಿ ತಂದಿಟ್ಟೆ. ಯಾರೂ ನೋಡ್ಲಿಲ್ರಿ’ ಎಂದ. ನಾನು ಹುಸೇನಸಾಬನ ತಟ್ಟೆಯ ಸಂಗತಿ ಹೇಳಿದೆ. ಮಾವ ಅಂದದ್ದನ್ನೂ ಹೇಳಿದೆ. ಕೊಟ್ರ ಕೋಟಿನ ಗುಂಡಿಯನ್ನು ತಿರುವುತ್ತ ನಿಂತ. ‘ನೋಡಿದ್ದಿಲ್ಲ ಅಂದ್ರಾ?’ ಎಂದು ಎರಡೆರಡು ಸಲ ಕೇಳಿದ.

ಮರುದಿನ ಸಂಜೆ ನಾನು ಮೂಲೆಯ ಬೆಂಚಿನಲ್ಲಿದ್ದೆ. ಕೋಟಿಲ್ಲದ ಕೊಟ್ರ ಒಳಗೆ ಬಂದ. ಮಡಿಸಿಟ್ಟ ಅರಿವೆ ಇನ್ನೂ ಅಲ್ಲೇ ಇತ್ತು. ಅತ್ತೆ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಕೊಟ್ರ ಅದನ್ನು ಹೆಗಲಿಗೆ ಹಾಕಿಕೊಂಡು ಒಳಗಿನಿಂದ ಒಂದು ತಟ್ಟೆ ಮಿರ್ಚಿ ತಂದು, ಗಲ್ಲಾದ ಮೇಲೆ, ಮಾವನ ಮುಂದೆ ಇಟ್ಟ. ಇಟ್ಟು ಕೈಕಟ್ಟಿ ನಿಂತ. ಮಾವ ತಟ್ಟೆಯನ್ನೇ ನೋಡಿದ.

‘ಕೊಟ್ರಾ,’ ಎಂದ ಮಾವ, ‘ತೊಟ್ಟು ಯಾವ ಕಡಿ ಐತಲೇ?’

‘ಎಡಕ್ಕ ಐತ್ರಿ ಸಾವಕಾರ್ರ,’ ಎಂದ ಕೊಟ್ರ, ‘ನಿಮ್ಮ ಬಾಯಿಂದ ಈ ಮಾತು ಕೇಳಾಕಂತ ಬಂದೇನ್ರಿ.’

ಮಾವ ಎಡಗೈಯಿಂದಲೇ ಒಂದು ಮಿರ್ಚಿ ಎತ್ತಿ ಕಚ್ಚಿದ. ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಖಾರ ಎಂದು ಅತ್ತೆಯನ್ನು ಗದರಿಸಿದ.

ಅಂದಿನಿಂದ ಬೈಗುಳದ ಬಗ್ಗೆ ನನ್ನ ಅಭಿಪ್ರಾಯವೇ ಬದಲಾಗಿದೆ. ಬಳ್ಳಾರಿಯವರ ಎದುರು ಬೈಯುವುದು ತಪ್ಪೇ. ಮಾವ ಮತ್ತೆಂದೂ ಹಾಗೆ ಮಾಡಲಿಲ್ಲ. ಆದರೆ ನಾವು ಮಾಡಿದ್ದನ್ನು ಒಬ್ಬರಾದರೂ ನೋಡುತ್ತಿದ್ದಾರೆಂಬ ಭರವಸೆ ಹಿತ್ತಾಳೆ ಗುಂಡಿಯ ಕೋಟಿನಿಂದ ಸಿಗುವುದಿಲ್ಲ. ನಮ್ಮ ಮನೆಯಲ್ಲೂ ಮಿರ್ಚಿ ಮಾಡಿದ ದಿನ ಹೆಂಡತಿ ಒಮ್ಮೊಮ್ಮೆ ತೊಟ್ಟನ್ನು ಎಡಕ್ಕಿಟ್ಟು ತಟ್ಟೆ ತರುತ್ತಾಳೆ. ಮರೆತು ಇಟ್ಟದ್ದಲ್ಲವೆಂದು ನನಗೆ ಗೊತ್ತು. ಪತ್ರಿಕೆಯಲ್ಲಿ ಎಷ್ಟೇ ಮುಳುಗಿದ್ದರೂ ತಲೆ ಎತ್ತಿ, ‘ತೊಟ್ಟು ಯಾವ ಕಡಿ ಐತಿ?’ ಎಂದು ಗೊಣಗುತ್ತೇನೆ. ಅವಳು ಒಳಗೆ ಹೋಗಿ ಇನ್ನೆರಡು ಮಿರ್ಚಿ ತರುತ್ತಾಳೆ.